ಕಡಲ್ಗಳ್ಳರು ನಿಜವಾಗ್ಲೂ ಹೀಗೇ ಬಟ್ಟೆ ಹಾಕ್ತಿದ್ರಾ? ಶನಿವಾರ ಮಗನ ಛದ್ಮವೇಷ, ಬೇಗ ಹೇಳಿ

ಗುಂಡನ ಅಮ್ಮ (ಸೋಮವಾರ, ರಾತ್ರಿ 9:12)

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎಂಟು ವರ್ಷ. ಶನಿವಾರ ಶಾಲೆಯ ವಾರ್ಷಿಕೋತ್ಸವ, ಅದರಲ್ಲಿ ಛದ್ಮವೇಷ ಸ್ಪರ್ಧೆ. ಹೋದ ವರ್ಷ ಕನಕದಾಸ ಆಗಿದ್ದ, ಅದರ ಹಿಂದಿನ ವರ್ಷ ಟೊಮೆಟೊ. ಈ ಸಲ "ಕಡಲ್ಗಳ್ಳನೇ ಆಗೋದು" ಅಂತ ಕೂತುಬಿಟ್ಟಿದ್ದಾನೆ.

ಆನ್‌ಲೈನಲ್ಲಿ 749 ರೂಪಾಯಿಗೆ ಒಂದು ಸೆಟ್ ತರಿಸಿದೆ. ಕಪ್ಪು ಕಣ್ಣುಪಟ್ಟಿ, ಪ್ಲಾಸ್ಟಿಕ್ ಕೊಕ್ಕೆ, ತಲೆಬುರುಡೆ ಇರೋ ದೊಡ್ಡ ಟೋಪಿ, ಕೆಂಪು ಬಿಳಿ ಪಟ್ಟೆ ಬನಿಯನ್, ಒಂದೇ ಒಂದು ಓಲೆ. ನಮ್ಮ ಮಾವನವರು ಕುಮಟಾ ಕಡೆಯವರು, ಅವರ ಅಪ್ಪ ಪತ್ತೆಮಾರಿಯಲ್ಲಿ (ಸರಕು ಸಾಗಿಸೋ ಹಾಯಿ ಹಡಗು) ಮುಂಬೈಗೆ ಹಂಚು ಸಾಗಿಸ್ತಿದ್ದವರು. ಟೋಪಿ ಕೈಲಿ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿ, "ಇದು ಸರ್ಕಸ್ಸಿನವನ ವೇಷ. ಹಾಯಿ ಕಟ್ಟೋ ಹಡಗಲ್ಲಿ ಈ ಟೋಪಿ ಎರಡು ನಿಮಿಷ ನಿಲ್ಲೂದಿಲ್ಲ, ಗಾಳಿಗೆ ಹೋಗ್ತದೆ" ಅಂದ್ರು. ಮೊಮ್ಮಗ ಅಳೋಕೆ ಶುರು ಮಾಡಿದ.

ನಿಜಕ್ಕೂ ಅವರು ಏನು ಹಾಕ್ತಿದ್ರು? ಗೊತ್ತಿರೋರು ಹೇಳಿ. ಮನೇಲಿ ಶಾಂತಿ ಬೇಕು.

ಬನಶಂಕರಿ ಬಾಲು (9:15)

749 ಜಾಸ್ತಿ ಆಯ್ತು ಮೇಡಂ. ಚಿಕ್ಕಪೇಟೆಯಲ್ಲಿ 200ಕ್ಕೆ ಸಿಗ್ತಿತ್ತು.

ಹಳೇ ಪುಟ (9:41)

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಮುಕ್ಕಾಲು ಪಾಲು ಅವರು ಹೇಳಿದ್ದೇ ಸರಿ.

ಸಿನಿಮಾದವರು ತೋರಿಸೋ ಕಡಲ್ಗಳ್ಳರ ಕಾಲ ಹೆಚ್ಚುಕಡಿಮೆ 1650ರಿಂದ 1730. ಅದರಲ್ಲೂ ಹಾವಳಿ ಜೋರಾಗಿದ್ದು 1716ರ ನಂತರದ ಹತ್ತು ವರ್ಷ. ಸ್ಪೇನಿನ ಸಿಂಹಾಸನಕ್ಕಾಗಿ ನಡೆದ ಯುದ್ಧ 1713ರಲ್ಲಿ ನಿಂತಿತು, ಇಂಗ್ಲೆಂಡಿನ ನೌಕಾಪಡೆ ಸಾವಿರಗಟ್ಟಲೆ ನಾವಿಕರನ್ನ ಮನೆಗೆ ಕಳಿಸಿತು. ವ್ಯಾಪಾರಿ ಹಡಗುಗಳಲ್ಲಿ ಕೆಲಸ ಸಿಕ್ಕವರಿಗೂ ಸಂಬಳ ಅರ್ಧಕ್ಕೆ ಬಂತು, ಮೇಲೆ ಚಾವಟಿ ಏಟು. ಅಂಥವರೇ ತಿರುಗಿಬಿದ್ದು ಕಳ್ಳರಾದ್ರು. ನಿನ್ನೆವರೆಗೂ ಕೂಲಿ ನಾವಿಕನಾಗಿದ್ದವನು ಕಳ್ಳನಾದ ತಕ್ಷಣ ದರ್ಜಿ ಹತ್ರ ಹೋಗಿ ಹೊಸ ವೇಷ ಹೊಲಿಸ್ತಾನಾ? ಮೈಮೇಲಿದ್ದದ್ದೇ ಬಟ್ಟೆ.

ಅದು ಹೇಗಿತ್ತು ಅಂದ್ರೆ: ಸೊಂಟಕ್ಕೆ ನಿಲ್ಲೋ ಗಿಡ್ಡ ಜಾಕೆಟ್ (ಉದ್ದ ಕೋಟು ಹಗ್ಗಕ್ಕೆ ಸಿಕ್ಕೊಂಡ್ರೆ ಮೇಲಿಂದ ಬಿದ್ದು ಸಾಯಬೇಕಾಗುತ್ತೆ), ಚೌಕಳಿ ಅಂಗಿ, ಮೊಣಕಾಲು ದಾಟಿ ಬರೋ, ಲಂಗದಷ್ಟು ಅಗಲದ ಕ್ಯಾನ್ವಾಸ್ ಚಡ್ಡಿ, ಕುತ್ತಿಗೆಗೊಂದು ಕರವಸ್ತ್ರ, ತಲೆಗೆ ಕುಲಾವಿ ಥರದ ಉಣ್ಣೆ ಟೋಪಿ. ನೀರು ಇಳಿಯಬಾರದು ಅಂತ ಬಟ್ಟೆಗೆ ಟಾರು ಬಳೀತಿದ್ರು. ಇಂಗ್ಲಿಷಲ್ಲಿ ನಾವಿಕನಿಗೆ "ಟಾರ್" ಅನ್ನೋ ಅಡ್ಡಹೆಸರು ಬಂದದ್ದೇ ಹಾಗೆ.

ಆ ಕಾಲದಲ್ಲಿ ಸಮವಸ್ತ್ರ ಅಂತ ಇರಲೇ ಇಲ್ಲ. ಬ್ರಿಟಿಷ್ ನೌಕಾಪಡೆಯಲ್ಲಿ ಅಧಿಕಾರಿಗಳಿಗೆ ಬಂದದ್ದು 1748ರಲ್ಲಿ, ಸಾಮಾನ್ಯ ನಾವಿಕರಿಗೆ 1857ರಲ್ಲಿ. ನಮ್ಮಲ್ಲಿ ಸಿಪಾಯಿ ದಂಗೆ ನಡೀತಿದ್ದ ವರ್ಷ!

ಟೆಕ್ಕಿ ತಿಮ್ಮ (9:50)

ಕಣ್ಣುಪಟ್ಟಿ ಮಾತ್ರ ನಿಜ ಗುರು. ಅದರ ಹಿಂದೆ ವಿಜ್ಞಾನ ಇದೆ. ಒಂದು ಕಣ್ಣು ಯಾವಾಗ್ಲೂ ಕತ್ತಲಿಗೆ ಹೊಂದಿಕೊಂಡಿರುತ್ತೆ. ಬಿಸಿಲಿಂದ ಹಡಗಿನ ಕೆಳಮಾಳಿಗೆಗೆ ಇಳಿದ ಕೂಡಲೇ ಪಟ್ಟಿ ಆ ಕಡೆಯಿಂದ ಈ ಕಡೆಗೆ ಸರಿಸಿದ್ರೆ ಎಲ್ಲಾ ಕಾಣುತ್ತೆ. ಟೀವಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ.

ಹಳೇ ಪುಟ (9:58)

ಕಣ್ಣಿನ ವಿಜ್ಞಾನ ನಿಜ ಸ್ವಾಮಿ. ಆದರೆ ಕಡಲ್ಗಳ್ಳರು ಹಾಗೆ ಮಾಡ್ತಿದ್ರು ಅನ್ನೋದಕ್ಕೆ ಆ ಕಾಲದ ಒಂದು ಸಾಲು ಬರಹ, ಒಂದು ಚಿತ್ರ ತೋರಿಸಿ. ಕಣ್ಣುಪಟ್ಟಿ ಕಟ್ಟಿದ್ದ ಹೆಸರಾಂತ ಕಡಲ್ಗಳ್ಳ ಅಂದ್ರೆ ಪರ್ಷಿಯಾ ಕೊಲ್ಲಿಯ ರಹ್ಮಾ ಬಿನ್ ಜಾಬಿರ್. ಅವನು ಕಾಳಗದಲ್ಲಿ ಕಣ್ಣು ಕಳಕೊಂಡಿದ್ದ, ಅದಕ್ಕೆ ಕಟ್ಟಿದ್ದ. 1826ರಲ್ಲಿ ಸೋಲು ಖಚಿತ ಅಂದಾಗ ಮದ್ದಿಗೆ ಬೆಂಕಿ ಕೊಟ್ಟು ಹಡಗಿನ ಸಮೇತ ಸಿಡಿದು ಸತ್ತ. ಕೆರಿಬಿಯನ್ ಕಡೆಯವನೇ ಅಲ್ಲ.

ಟೆಕ್ಕಿ ತಿಮ್ಮ (10:01)

ದಾಖಲೆ ಇಲ್ಲ ಅಂದ ಮಾತ್ರಕ್ಕೆ ನಡೆದೇ ಇಲ್ಲ ಅಂತಲ್ಲ.

ಹಳೇ ಪುಟ (10:02)

ಹಾಗಾದ್ರೆ ಅವರು ಮೊಬೈಲೂ ಇಟ್ಕೊಂಡಿದ್ರು.

ಧಾರವಾಡ ದರ್ಜಿ (10:20)

ಅಕ್ಕಾರ, ಈ ಜಗಳ ಬಿಡ್ರಿ, ಅಳತಿ ಹೇಳ್ರಿ. ಆ ಅಗಲದ ಚಡ್ಡಿ ಏನ್ ದೊಡ್ಡ ಕೆಲಸ ಅಲ್ಲ. ಎರಡು ಮೀಟರ್ ಕೋರಾ ಬಟ್ಟಿ ತಗೋರಿ, ಹೊಸಾದಾದ್ರ ಒಮ್ಮೆ ನೀರಾಗ ನೆನಸಿ ಒಣಗಿಸ್ರಿ, ಇಲ್ಲಾಂದ್ರ ಆಮ್ಯಾಲ ಕುಗ್ಗತೈತಿ. ಸೊಂಟದಾಗ ನಿರಿಗಿ ಹಿಡದು ಲಾಡಿ ಹಾಕ್ರಿ, ಕೆಳಗ ಮಡಚಿ ಹೊಲಿಬ್ಯಾಡ್ರಿ, ಹಂಗ ಎಳಿ ಬಿಚ್ಚಿದಂಗ ಬಿಡ್ರಿ. ಮ್ಯಾಲೆ ಚಾ ಡಿಕಾಕ್ಷನ್ ಚಿಮುಕಿಸಿದ್ರ ಟಾರಿನ ಕಲಿ ಕಂಡಂಗ ಕಾಣತೈತಿ. ನಾಟಕ ಕಂಪನಿಗೆ ಹೊಲದು ಹೊಲದು ನನಗ ಇಪ್ಪತ್ತು ವರ್ಷ ಆತು.

ಗುಂಡನ ಅಮ್ಮ (10:31)

ಅಣ್ಣಾ, ಸೊಂಟ 22 ಇಂಚು. ತುಂಬಾ ಥ್ಯಾಂಕ್ಸ್. ಆದರೆ "ಲಂಗದ ಥರ" ಅಂತ ಓದಿ ಹೇಳಿದ ಕೂಡಲೇ ನನ್ನ ಮಗ ಬಚ್ಚಲುಮನೆಗೆ ಹೋಗಿ ಚಿಲಕ ಹಾಕ್ಕೊಂಡಿದ್ದಾನೆ.

ನೇತ್ರಾವತಿ (10:44)

ಹಾಗಾದ್ರೆ ತಲೆಗೆ ಕರವಸ್ತ್ರ ಕಟ್ಟೂದು, ಕಿವಿಗೆ ಬಳೆಯಷ್ಟು ದೊಡ್ಡ ಓಲೆ, ಸೊಂಟಕ್ಕೆ ಶಾಲು ಸುತ್ತೂದು, ಇದೆಲ್ಲ ಎಲ್ಲಿಂದ ಬಂದದ್ದು ಮಾರಾಯ್ರೆ?

ಹಳೇ ಪುಟ (11:05)

ಹೆಚ್ಚಿನದ್ದು ಒಬ್ಬ ಅಮೆರಿಕದ ಚಿತ್ರಕಾರನಿಂದ. ಹೆಸರು ಹೋವರ್ಡ್ ಪೈಲ್, 1911ರಲ್ಲಿ ತೀರಿಕೊಂಡ. ಪತ್ರಿಕೆಗಳಿಗೆ ಕಡಲ್ಗಳ್ಳರ ಚಿತ್ರ ಬರೆಯುವಾಗ ಸ್ಪೇನಿನ ಹಳ್ಳಿಗರ ಉಡುಪು ತಂದು ಇವರಿಗೆ ತೊಡಿಸಿದ. ಸೊಂಟದ ಶಾಲು, ಓಲೆ, ಹಿಂದಕ್ಕೆ ಗಂಟು ಹಾಕಿದ ಬಣ್ಣದ ವಸ್ತ್ರ. ನೋಡೋಕೆ ಚೆಂದ ಇತ್ತು, ಹಾಲಿವುಡ್ಡಿನವರು ಹಾಗೇ ಎತ್ತಿಕೊಂಡ್ರು. ಅವರು ಆಡೋ "ಆರ್ರ್" ಅನ್ನೋ ಮಾತೂ ಅಷ್ಟೆ. 1950ರ ಒಂದು ಸಿನಿಮಾದಲ್ಲಿ ರಾಬರ್ಟ್ ನ್ಯೂಟನ್ ಅನ್ನೋ ನಟ ತನ್ನ ಊರು ಡಾರ್ಸೆಟ್ ಕಡೆಯ ರಾಗದಲ್ಲಿ ಮಾತಾಡಿದ, ಅವತ್ತಿಂದ ಲೋಕದ ಎಲ್ಲಾ ಕಡಲ್ಗಳ್ಳರಿಗೂ ಅದೇ ರಾಗ.

ತಲೆವಸ್ತ್ರ ಮಾತ್ರ ಪೂರ್ತಿ ಸುಳ್ಳಲ್ಲ, ಇದನ್ನ ಒಪ್ಪಿಕೊಳ್ಳಲೇಬೇಕು. 1720ರಲ್ಲಿ ಜಮೈಕಾದಲ್ಲಿ ಆನ್ ಬಾನಿ, ಮೇರಿ ರೀಡ್ ಅನ್ನೋ ಇಬ್ಬರು ಹೆಂಗಸರ ವಿಚಾರಣೆ ನಡೀತು. ದೋಚಿಸಿಕೊಂಡಿದ್ದ ಡೊರೊಥಿ ಥಾಮಸ್ ಅನ್ನೋಳು ಸಾಕ್ಷಿ ಹೇಳಿದ್ದಾಳೆ: ಇಬ್ಬರೂ ಗಂಡಸರ ಜಾಕೆಟ್, ಉದ್ದ ಪ್ಯಾಂಟು ಹಾಕಿ, ತಲೆಗೆ ಕರವಸ್ತ್ರ ಕಟ್ಟಿದ್ರು, ಕೈಯಲ್ಲಿ ಕತ್ತಿ, ಪಿಸ್ತೂಲು. ಎದೆ ನೋಡಿ ಹೆಂಗಸರು ಅಂತ ಗೊತ್ತಾಯ್ತಂತೆ. ಕೋರ್ಟಿನ ದಾಖಲೆಯಲ್ಲೇ ಇದೆ.

ಧಾರವಾಡ ದರ್ಜಿ (11:09)

ಹಂಗಾದ್ರ ಲಂಗ ಬ್ಯಾಡ, ಉದ್ದ ಪ್ಯಾಂಟ್ ಹೊಲಸ್ರಿ. ಹುಡುಗಗ ಹೇಳ್ರಿ, ಬಾಗಲಾ ತಗೀಲಿ.

ನೇತ್ರಾವತಿ (11:12)

ಆ ಹೆಂಗಸರ ಕ್ಯಾಪ್ಟನ್ "ಕ್ಯಾಲಿಕೊ ಜ್ಯಾಕ್" ಅಲ್ವಾ? ಜ್ಯಾಕ್ ರ‍್ಯಾಕಮ್. ಅವನು ಕ್ಯಾಲಿಕೊ ಬಟ್ಟೆ ಹಾಕ್ತಿದ್ದ ಅಂತ ಆ ಹೆಸರು. ಕ್ಯಾಲಿಕೊ ಅಂದ್ರೆ ನಮ್ಮ ಪಕ್ಕದ ಕಲ್ಲಿಕೋಟೆ. ಅಲ್ಲಿಂದ ಹೋದ ಹತ್ತಿಬಟ್ಟೆ ಅಂತಲೇ ಆ ಹೆಸರು ಬಿದ್ದದ್ದು. ಅವನನ್ನ ಗಲ್ಲಿಗೇರಿಸಿದ್ದು 1720ರ ನವೆಂಬರಿನಲ್ಲಿ. ಮರುವರ್ಷವೇ ಇಂಗ್ಲೆಂಡಿನವರು ಈ ಬಟ್ಟೆ ಉಡಬಾರದು ಅಂತ ಕಾನೂನು ಮಾಡಿದ್ರು, ಅವರ ಉಣ್ಣೆ, ರೇಷ್ಮೆ ನೇಕಾರರ ಹೊಟ್ಟೆಗೆ ಹೊಡೀತಿತ್ತು ನೋಡಿ.

ಟೆಕ್ಕಿ ತಿಮ್ಮ (11:20)

ಹೌದು ಹೌದು, ಬಡವರು ರೇಷ್ಮೆ ಉಡಬಾರದು ಅಂತಲೂ ಕಾನೂನಿತ್ತು. ಅದನ್ನ ಮುರಿಯೋಕೇ ಕಡಲ್ಗಳ್ಳರು ಜರಿ ಕೋಟು ಹಾಕ್ತಿದ್ದದ್ದು. ಬಂಡಾಯ!

ಹಳೇ ಪುಟ (11:26)

ತಿಮ್ಮ ಅವರೇ, ಇಂಗ್ಲೆಂಡಿನಲ್ಲಿ ಆ ಕಾನೂನು 1604ರಲ್ಲೇ ರದ್ದಾಗಿತ್ತು. ನೂರು ವರ್ಷ ತಡ ಆಯ್ತು ನಿಮ್ಮ ಬಂಡಾಯ.

ಆದರೆ ಜರಿ ಕೋಟು ಇತ್ತು, ಅದು ಸರಿ. ಬಾರ್ತಲೊಮ್ಯೂ ರಾಬರ್ಟ್ಸ್ ಅಂತ ವೇಲ್ಸಿನವನು, ನಾನೂರಕ್ಕೂ ಹೆಚ್ಚು ಹಡಗು ಹಿಡಿದ ಅಂತ ಲೆಕ್ಕ ಹೇಳ್ತಾರೆ. 1722ರ ಫೆಬ್ರವರಿ 10ರಂದು ಆಫ್ರಿಕಾದ ಕೇಪ್ ಲೋಪೆಜ್ ಹತ್ತಿರ ಕೊನೇ ಕಾಳಗಕ್ಕೆ ನಿಂತಾಗ ಅವನ ವೇಷ ಹೀಗಿತ್ತಂತೆ: ಕಡುಗೆಂಪು ಡಮಾಸ್ಕ್ ರೇಷ್ಮೆಯ ಒಳಕೋಟು ಮತ್ತು ಚಡ್ಡಿ, ಟೋಪಿಗೆ ಕೆಂಪು ಗರಿ, ಕೊರಳಿಗೆ ಚಿನ್ನದ ಸರ, ಅದರಲ್ಲಿ ವಜ್ರದ ಶಿಲುಬೆ, ರೇಷ್ಮೆ ಪಟ್ಟಿಗೆ ಸಿಕ್ಕಿಸಿದ ಎರಡು ಜೊತೆ ಪಿಸ್ತೂಲು. ಗುಂಡು ಬಿದ್ದು ಸತ್ತ. ಮೊದಲೇ ಹೇಳಿಟ್ಟಿದ್ದನಂತೆ, ಹಾಗಾಗಿ ಅಷ್ಟೂ ಒಡವೆ ವಸ್ತ್ರದ ಸಮೇತ ಅವನ ಹುಡುಗರು ಹೆಣವನ್ನ ಸಮುದ್ರಕ್ಕೆ ಹಾಕಿದ್ರು. ಮಜಾ ಅಂದ್ರೆ ಈ ಮನುಷ್ಯ ಚಹಾ ಕುಡಿಯೋನು.

ಬನಶಂಕರಿ ಬಾಲು (11:30)

ಯಕ್ಷಗಾನದ ರಾಜವೇಷ ನೋಡಿದಂಗಾಯ್ತು.

ಧಾರವಾಡ ದರ್ಜಿ (11:34)

ಡಮಾಸ್ಕ್ ಅಂದ್ರ ಮಗ್ಗದಾಗ ಹೂವು ಎತ್ತಿ ನೇಯ್ದ ಬಟ್ಟಿ. ಹಡಗದ ಮ್ಯಾಲೆ ಉಪ್ಪಿನ ಗಾಳಿಗೆ ಆರು ತಿಂಗಳೂ ಬಾಳಂಗಿಲ್ಲ ಅದು. ಇವ ಅದನ್ನ ದಿನಾ ಹಾಕ್ತಿದ್ದಿಲ್ಲ, ಬರದಿಟ್ಕೋರಿ.

ಹಳೇ ಪುಟ (11:52)

ಸರಿಯಾಗಿ ಹಿಡಿದ್ರಿ ನೋಡಿ. ಅದು ಹಬ್ಬದ ಬಟ್ಟೆ, ಕಾಳಗದ ದಿನಕ್ಕೆ. ಮಿಕ್ಕ ದಿನಗಳ ಕಥೆ ಬೇರೆ.

ನನಗೆ ಮುಖ್ಯ ಅನ್ನಿಸೋದು ಇದು. ಕಡಲ್ಗಳ್ಳರಿಗೆ ಬಟ್ಟೆಯೇ ಲೂಟಿ. ಚಿನ್ನದ ಪೆಟ್ಟಿಗೆ ಸಿಗೋದು ಜನ್ಮಕ್ಕೊಂದು ಸಲ. ದಿನಾ ಸಿಗೋದು ಸಕ್ಕರೆ, ಹಾಯಿಬಟ್ಟೆ, ಹಗ್ಗ, ಔಷಧಿ, ಅಂಗಿ. ರಾಬರ್ಟ್ಸನ ಹಡಗಿನಲ್ಲಿ ಬರೆದಿಟ್ಟ ನಿಯಮಗಳಿದ್ವು. ಹಿಡಿದ ಹಡಗಿಗೆ ಯಾರು ಮೊದಲು ಹತ್ತಬೇಕು ಅನ್ನೋದಕ್ಕೆ ಪಟ್ಟಿ, ಪಾಳಿ ಪ್ರಕಾರ. ಯಾಕಂದ್ರೆ ಹಾಗೆ ಹತ್ತಿದವನಿಗೆ ತನ್ನ ಪಾಲಿನ ಮೇಲೆ ಒಂದು ಜೊತೆ ಬಟ್ಟೆ ಬದಲಾಯಿಸಿಕೊಳ್ಳೋ ಹಕ್ಕು. ಹರಕಲು ಬಿಚ್ಚಿ ಒಗೆದು ಯಾವನದ್ದೋ ಒಳ್ಳೇ ಅಂಗಿ ತೊಟ್ಟು ಬರೋದು. ಒಬ್ಬನ ಮೈಮೇಲೆ ಸಾಹುಕಾರನ ಕೋಟು, ಕೆಳಗೆ ಟಾರು ಬಳಿದ ಚಡ್ಡಿ, ಕಾಲಿಗೆ ಏನೂ ಇಲ್ಲ. ಇದೇ ನಿಜವಾದ ವೇಷ. ಗುಂಡನಿಗೆ ಅಪ್ಪನ ಹಳೇ ಕೋಟೊಂದನ್ನ ಹಾಕಿಸಿಬಿಡಿ, ಸಾಕು.

ಅದೇ ನಿಯಮಗಳಲ್ಲಿ ದುಡ್ಡಿಟ್ಟು ಇಸ್ಪೀಟು, ದಾಳ ಆಡಬಾರದು, ರಾತ್ರಿ ಎಂಟಕ್ಕೆ ದೀಪ ಆರಿಸಬೇಕು, ವಾದ್ಯದವರಿಗೆ ಭಾನುವಾರ ರಜಾ ಅಂತೆಲ್ಲ ಇದೆ.

ಬನಶಂಕರಿ ಬಾಲು (11:55)

ನಮ್ಮ ಪೀಜಿ ಓನರ್ ಕೂಡ ಇದೇ ಹೇಳೋದು. ವಾದ್ಯದವರಿಗೆ ರಜಾ ಒಂದು ಬಿಟ್ಟು.

ನೇತ್ರಾವತಿ (ಮಂಗಳವಾರ, ಬೆಳಿಗ್ಗೆ 7:20)

ಬಟ್ಟೆಯೇ ಲೂಟಿ ಅಂದ್ರಲ್ಲ, ನಮ್ಮ ಕರಾವಳಿಯಲ್ಲೇ ಒಂದು ಉಂಟು. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಇಲ್ಲೆಲ್ಲ ಓಡಾಡಿದವ. ಕೊಲ್ಲಂನಿಂದ ಹೊನ್ನಾವರಕ್ಕೆ ಬರ್ತಾ ಇದ್ದ. ಹೊನ್ನಾವರಕ್ಕೂ ಫಾಕನೂರಿಗೂ (ನಮ್ಮ ಬಾರ್ಕೂರು) ನಡುವೆ ಒಂದು ಸಣ್ಣ ದ್ವೀಪದ ಹತ್ರ ಹನ್ನೆರಡು ಹಡಗು ಬಂದು ಮುತ್ತಿದವು. ಸಿಂಹಳದ ರಾಜ ಕೊಟ್ಟಿದ್ದ ಮುತ್ತು, ಮಾಣಿಕ್ಯ ಹೋಯ್ತು, ಬಟ್ಟೆಯೂ ಹೋಯ್ತು. ಮೈಮೇಲೆ ಉಳಿದದ್ದು ಪಾಯಿಜಾಮ ಒಂದೇ! ಹಾಗೇ ಕಲ್ಲಿಕೋಟೆಗೆ ಹೋಗಿ ಮಸೀದಿಯಲ್ಲಿ ಕೂತ. ಒಬ್ಬ ಪಂಡಿತ ನಿಲುವಂಗಿ ಕಳಿಸಿದ, ಖಾಜಿ ಮುಂಡಾಸು ಕಳಿಸಿದ, ಒಬ್ಬ ವ್ಯಾಪಾರಿ ಇನ್ನೊಂದು ಅಂಗಿ. ತಾನೇ ಬರೆದುಕೊಂಡಿದ್ದಾನೆ. ಲೋಕವೆಲ್ಲ ಸುತ್ತಿದವನನ್ನ ನಮ್ಮವರು ಚಡ್ಡಿಯಲ್ಲಿ ನಿಲ್ಲಿಸಿದ್ರು ನೋಡಿ.

ಕಾಳಿ ದಂಡೆ (7:48)

"ನಮ್ಮವರು" ಅಂತ ಹೆಮ್ಮೆ ಪಡೋದು ಎಂತಕ್ಕೆ ಅಂತ ಗೊತ್ತಾಗ್ಲಿಲ್ಲ. ಇರಲಿ.

ಕಾರವಾರದವನಾಗಿ ನಾನೂ ಒಂದು ಸೇರಿಸ್ತೆ. ಕ್ಯಾಪ್ಟನ್ ಕಿಡ್ ಹೆಸರು ಕೇಳಿದ್ದೀರಲ್ಲ? ಅವ 1697ರ ಸೆಪ್ಟೆಂಬರಲ್ಲಿ ಕಾರವಾರಕ್ಕೆ ಬಂದಿದ್ದ, ಅಡ್ವೆಂಚರ್ ಗ್ಯಾಲಿ ಅನ್ನೋ ಹಡಗಲ್ಲಿ. ಇಲ್ಲಿ ಇಂಗ್ಲಿಷ್ ಕಂಪನಿಯ ಕೋಠಿ (ವ್ಯಾಪಾರದ ಠಾಣೆ) ಇತ್ತು. ನೀರು, ಸೌದೆ ಬೇಕು ಅಂತ ಬಂದ. ಬಂದದ್ದು ಕಡಲ್ಗಳ್ಳರನ್ನ ಹಿಡಿಯೋ ಪರವಾನಗಿ ಇಟ್ಕೊಂಡು, ತಮಾಷೆ ಅದೇ. ಆದರೆ ಹಡಗಿನವರೇ ಕೆಲವರು ಇಲ್ಲಿ ಇಳಿದು, ಇವ ಕಳ್ಳತನಕ್ಕೇ ಹೊರಟವ ಅಂತ ಹೇಳಿಬಿಟ್ರು. ಮಾತು ಮಾತಿಗೆ ತನ್ನ ಜನರ ಜೊತೆ ಜಗಳಕ್ಕೆ ಬೀಳ್ತಾನೆ, ಪಿಸ್ತೂಲು ತಾ ಅಂತಾನೆ ಅಂತ ಕೋಠಿಯವರು ಪತ್ರ ಬರೆದ್ರು.

ಇಳಿದವರಲ್ಲಿ ಬೆಂಜಮಿನ್ ಫ್ರಾಂಕ್ಸ್ ಅನ್ನೋ ರತ್ನದ ವ್ಯಾಪಾರಿ ಒಬ್ಬ. ಅವನನ್ನ ಕಿಡ್ ಸುಮ್ಮನೆ ಬಿಡಲಿಲ್ಲ. ಬೀವರ್ ತುಪ್ಪಳದ ಟೋಪಿ ಒಂದು ಲಂಚ ಕೊಟ್ಟ ಮೇಲೇ ಕಾರವಾರದಲ್ಲಿ ಇಳಿಯೋಕೆ ಬಿಟ್ಟದ್ದು. ಮುಂದೆ ಅವ ಮುಂಬೈಲಿ ಕೊಟ್ಟ ಹೇಳಿಕೆಯಲ್ಲಿ ಉಂಟು. ಟೋಪಿಯ ಬೆಲೆ ಅಷ್ಟಿತ್ತು ಆಗ.

ಅದಾಗಿ ನಾಲ್ಕು ತಿಂಗಳಿಗೆ, 1698ರ ಜನವರಿಯಲ್ಲಿ, ಕೇರಳದ ಹತ್ತಿರ ಕ್ವೆಡಾ ಮರ್ಚೆಂಟ್ ಹಡಗು ಹಿಡಿದ. ಅದರಲ್ಲಿ ತುಂಬಿದ್ದೂ ರೇಷ್ಮೆ, ಮಸ್ಲಿನ್, ಕ್ಯಾಲಿಕೊ, ಸಕ್ಕರೆ, ಅಫೀಮು. 1701ರ ಮೇ 23ರಂದು ಲಂಡನ್ನಿನಲ್ಲಿ ಗಲ್ಲು. ಮೊದಲ ಸಲ ಹಗ್ಗ ತುಂಡಾಯ್ತು, ಎಬ್ಬಿಸಿ ಮತ್ತೆ ಹಾಕಿದ್ರು.

ಗುಂಡನ ಅಮ್ಮ (8:05)

ಮಾವನವರಿಗೆ ಕಿಡ್ ಕಥೆ ಓದಿ ಹೇಳಿದೆ. "ಕಾರವಾರಕ್ಕೆ ಬಂದವರಿಗೆಲ್ಲ ಟೋಪಿ ಬೀಳ್ತದೆ" ಅಂದ್ರು. ದಯವಿಟ್ಟು ಕಾರವಾರದವರು ಕ್ಷಮಿಸಬೇಕು.

ಸಹ್ಯಾದ್ರಿ ಹುಲಿ (8:30)

ನಮ್ಮ ಕರಾವಳಿ ಅಂದ್ರೆ ಕಾನ್ಹೋಜಿ ಆಂಗ್ರೆ. ಅವರನ್ನ ಬಿಟ್ಟು ಯಾರ್ಯಾರೋ ಬಿಳಿಯರ ಕಥೆ ಹೇಳ್ತೀರಲ್ಲ.

ಹಳೇ ಪುಟ (8:41)

ಆಂಗ್ರೆಯವರು ಮರಾಠರ ಸರಖೇಲ್, ಅಂದ್ರೆ ನೌಕಾಪಡೆಯ ಮುಖ್ಯಸ್ಥ. ಕಡಲ್ಗಳ್ಳ ಅಂದದ್ದು ಇಂಗ್ಲಿಷರು, ತಮ್ಮ ಹಡಗಿಗೆ ತೆರಿಗೆ ಕೇಳಿದ್ರು ಅನ್ನೋ ಸಿಟ್ಟಿಗೆ. ಕಲ್ಲಿಕೋಟೆಯ ಅರಸ ಸಾಮೂದಿರಿಯ ನೌಕಾಪಡೆಯ ಮುಖ್ಯಸ್ಥರಾಗಿದ್ದ ಕುಂಜಾಲಿ ಮರಕ್ಕಾರ್‌ಗಳನ್ನ ಪೋರ್ಚುಗೀಸರೂ ಹಾಗೇ ಕರೆದ್ರು. ಈ ಚರ್ಚೆಗೆ ಅವರನ್ನ ಎಳೆಯೋದು ಬೇಡ.

ಕಾಳಿ ದಂಡೆ (8:50)

ಹೊನ್ನಾವರದ ತಿಮ್ಮೋಜ? ವಿಜಯನಗರದ ಅರಸರ ನೆರಳಲ್ಲಿ ಇದ್ದವ, ವೈರಿಗಳ ಹಡಗು ದೋಚ್ತಿದ್ದ. 1510ರಲ್ಲಿ ಗೋವಾದ ಮೇಲೆ ಬೀಳು ಅಂತ ಪೋರ್ಚುಗೀಸರ ದಂಡನಾಯಕ ಅಲ್ಬುಕರ್ಕನನ್ನ ಹುರಿದುಂಬಿಸಿದ್ದೇ ಅವ. ಅದಕ್ಕೂ ಮೊದಲು, ವಾಸ್ಕೋ ಡ ಗಾಮ ನಮ್ಮ ಕಾರವಾರದ ಹತ್ರದ ಅಂಜುದೀವ ದ್ವೀಪದಲ್ಲಿ ಲಂಗರು ಹಾಕಿದ್ದಾಗ ಎಂಟು ದೋಣಿ ಒಟ್ಟಿಗೆ ಕಟ್ಟಿ, ಮೇಲೆ ಸೊಪ್ಪು ಕೊಂಬೆ ಹೊದಿಸಿ, ತೇಲೋ ದ್ವೀಪದ ಹಾಗೆ ಮಾಡಿಕೊಂಡು ಹೋಗಿದ್ದ ಅಂತ ಪೋರ್ಚುಗೀಸರು ಬರೆದಿದ್ದಾರೆ. ತೋಪು ಹಾರಿಸಿದ ಮೇಲೆ ದ್ವೀಪ ಓಡಿ ಹೋಯ್ತು.

ಬನಶಂಕರಿ ಬಾಲು (8:52)

ಗುಂಡನಿಗೆ ಅದೇ ವೇಷ ಹಾಕ್ಸಿ. ಖರ್ಚಿಲ್ಲ. ಮಾವಿನ ಸೊಪ್ಪು ಕಟ್ಟಿ ನಿಲ್ಲಿಸಿದ್ರೆ ಆಯ್ತು.

ಸಹ್ಯಾದ್ರಿ ಹುಲಿ (8:55)

ತಿಮ್ಮೋಜನನ್ನ ಕಳ್ಳ ಅನ್ನಬಹುದು, ಆಂಗ್ರೆಯನ್ನ ಅನ್ನಬಾರದಾ? ಯಾವ ನ್ಯಾಯ ಇದು?

ಹಳೇ ಪುಟ (8:58)

ಅಯ್ಯೋ, ಆಂಗ್ರೆಯನ್ನ ಕಳ್ಳ ಅನ್ನಿ ಅಂತ ಕೇಳ್ತಿರೋದು ಈಗ ನೀವೇ ಅಲ್ವೇನ್ರೀ!

ನಿರ್ವಾಹಕ (9:10)

ಬಟ್ಟೆ ವಿಷಯಕ್ಕೆ ಬನ್ನಿ. ಆಂಗ್ರೆ ಬಗ್ಗೆ ಬೇರೆ ಚರ್ಚೆ ತೆರೆಯಿರಿ.

ಇಂಜಿನ್ ರೂಮ್ (ರಾತ್ರಿ 10:15)

ನಾನು ಮರ್ಚೆಂಟ್ ನೇವಿಯಲ್ಲಿದ್ದವ, ಈಗ ಉಡುಪಿಯಲ್ಲಿ ನಿವೃತ್ತ. ನಿಜವಾದ ಕಡಲ್ಗಳ್ಳರನ್ನ ನೋಡಿದ್ದೇನೆ, 2010ರಲ್ಲಿ, ಏಡನ್ ಕೊಲ್ಲಿಯಲ್ಲಿ. ಬೈನಾಕ್ಯುಲರ್‌ನಲ್ಲಿ ಕಂಡದ್ದು ಒಂದು ಸಣ್ಣ ದೋಣಿ, ಆರು ಜನ. ಮಾಸಿದ ಟೀ ಶರ್ಟು, ಸೊಂಟಕ್ಕೆ ನಮ್ಮ ಲುಂಗಿಯಂಥದ್ದೇ ಬಟ್ಟೆ ಮೇಲೆತ್ತಿ ಕಟ್ಟಿದ್ದಾರೆ. ಮಲ್ಪೆ ಬಂದರಲ್ಲಿ ನಿಲ್ಲಿಸಿದ್ರೆ ಮೀನಿಗೆ ಹೋಗುವವರು ಅಂತಲೇ ಹೇಳ್ತೀರಿ. ಏಣಿ ಕಂಡ ಮೇಲೇ ಗೊತ್ತಾದದ್ದು. ಮೀನಿಗೆ ಹೋಗುವವನಿಗೆ ಉದ್ದದ ಏಣಿ ಯಾಕೆ?

ನಾವು ಸುತ್ತ ಮುಳ್ಳುತಂತಿ ಸುತ್ತಿದ್ದೆವು, ಬೆಂಕಿ ಆರಿಸುವ ಪೈಪಿನಲ್ಲಿ ನೀರು ಬಿಟ್ಟೆವು, ವೇಗ ಏರಿಸಿದೆವು. ಅರ್ಧ ಗಂಟೆ ಹಿಂದೆ ಬಂದು ಬಿಟ್ಟರು. ಆವತ್ತು ರಾತ್ರಿ ಯಾರಿಗೂ ಊಟ ಸೇರಲಿಲ್ಲ. ಮಕ್ಕಳ ಆಟಕ್ಕೆ ಅಡ್ಡಿಯಿಲ್ಲ, ಸುಮ್ಮನೆ ಹೇಳಿದೆ.

ನೇತ್ರಾವತಿ (10:22)

ಆ ಏಣಿ ಓದಿ ಮೈ ಜುಂ ಅಂತು ಸರ್.

ಗುಂಡನ ಅಮ್ಮ (ಬುಧವಾರ, ಮಧ್ಯಾಹ್ನ 2:10)

ಮರದ ಕಾಲು, ಕೊಕ್ಕೆ? ಅದೂ ಸುಳ್ಳೇನಾ? ಕೊಕ್ಕೆ ಬಿಡಲ್ಲ ಅಂತಿದ್ದಾನೆ.

ಹಳೇ ಪುಟ (2:35)

ಮರದ ಕಾಲು ಇತ್ತು. ಫ್ರಾನ್ಸಿನ ಫ್ರಾಂಸ್ವಾ ಲ ಕ್ಲೇರ್‌ಗೆ "ಮರಗಾಲ" ಅಂತಲೇ ಅಡ್ಡಹೆಸರು, 1554ರಲ್ಲಿ ಕ್ಯೂಬಾದ ಸ್ಯಾಂಟಿಯಾಗೋ ಊರನ್ನ ದೋಚಿದವನು. ಅಂಗ ಹೋದವರಿಗೆ ಪರಿಹಾರವೂ ಇತ್ತು. ಕೆರಿಬಿಯನ್ ಕಳ್ಳರ ಜೊತೆಗೇ ಇದ್ದ ಎಕ್ಸ್‌ಕ್ವೆಮೆಲಿನ್ 1678ರಲ್ಲಿ ದರ ಬರೆದಿಟ್ಟಿದ್ದಾನೆ. ಬಲಗೈಗೆ 600 ಬೆಳ್ಳಿ ನಾಣ್ಯ, ಎಡಗೈಗೆ 500, ಬಲಗಾಲಿಗೆ 500, ಎಡಗಾಲಿಗೆ 400. ಕಣ್ಣಿಗೆ 100, ಬೆರಳಿಗೂ 100! ನಾಣ್ಯ ಬೇಡ ಅಂದವನಿಗೆ ಗುಲಾಮರನ್ನ ಕೊಡ್ತಿದ್ರು, ಅದನ್ನೂ ಮರೀಬಾರದು.

ಗುಂಡನಿಗೆ ಹೇಳೋದಾದ್ರೆ ಇದನ್ನ ಹೇಳಿ. 1717ರ ಏಪ್ರಿಲ್ 26ರಂದು ಅಮೆರಿಕದ ಕೇಪ್ ಕಾಡ್ ಹತ್ತಿರ ಬಿರುಗಾಳಿಗೆ ಸಿಕ್ಕಿ ವಿಡಾ ಅನ್ನೋ ಕಳ್ಳ ಹಡಗು ಮುಳುಗಿತು. 1984ರಲ್ಲಿ ಸಿಕ್ತು. ಅದರೊಳಗೆ ಒಂದು ಪುಟ್ಟ ಬೂಟು, ಒಂದು ರೇಷ್ಮೆ ಕಾಲುಚೀಲ, ಒಂದು ಕಾಲಿನ ಮೂಳೆ. ಮೂಳೆ ಎಂಟರಿಂದ ಹನ್ನೊಂದು ವರ್ಷದ ಮಗುವಿನದ್ದು. ಜಾನ್ ಕಿಂಗ್ ಅನ್ನೋ ಹುಡುಗ ಅಂತ ಗುರುತಿಸಿದ್ದಾರೆ. ಅಮ್ಮನ ಜೊತೆ ಪ್ರಯಾಣ ಮಾಡ್ತಿದ್ದ, ಕಳ್ಳರು ಹಡಗು ಹಿಡಿದಾಗ ನಾನೂ ನಿಮ್ಮ ಜೊತೆ ಬರ್ತೀನಿ, ತಡೆದ್ರೆ ಸಾಯ್ತೀನಿ ಅಂತ ಹಟ ಮಾಡಿದನಂತೆ.

ಗುಂಡನ ಅಮ್ಮ (2:41)

ಇದನ್ನ ಅವನಿಗೆ ಹೇಳಲ್ಲ. ಈ ಹಟ ನೋಡಿದ್ರೆ ಭಯ ಆಗುತ್ತೆ.

ಧಾರವಾಡ ದರ್ಜಿ (2:50)

ಎಂಟು ವರ್ಷದ ಕೂಸು. ರೇಷ್ಮಿ ಕಾಲಚೀಲ ಅಂದ್ರ ಅವ್ವ ಹಾಕಿ ಕಳಿಸಿದ್ದ ಇರಬೇಕು.

ಗುಂಡನ ಅಮ್ಮ (ಶನಿವಾರ, ಸಂಜೆ 6:30)

ವರದಿ ಒಪ್ಪಿಸ್ತಿದ್ದೀನಿ. ದರ್ಜಿ ಅಣ್ಣ ಹೇಳಿದ ಹಾಗೆ ಕೋರಾ ಬಟ್ಟೆಯ ಉದ್ದ ಪ್ಯಾಂಟು, ಕಾಫಿ ಡಿಕಾಕ್ಷನ್ ಕಲೆ. ಅಪ್ಪನ ಮದುವೆ ಕೋಟು, ತೋಳು ಮಡಚಿ. ತಲೆಗೆ ನನ್ನ ಹಳೇ ಹತ್ತಿ ದುಪಟ್ಟಾ. ಬರಿಗಾಲು. ಕೊಕ್ಕೆ ಬಿಡಿಸಿದ್ವಿ, ಕಣ್ಣುಪಟ್ಟಿ ಮಾತ್ರ ಕಿತ್ತುಕೊಳ್ಳೋಕೆ ಆಗ್ಲಿಲ್ಲ.

ವೇದಿಕೆ ಹಿಂದೆ ಕತ್ತಲು, ಮುಂದೆ ದೊಡ್ಡ ಲೈಟು. ಇವನು ನಡೆದು ಬಂದು, ನಿಂತು, ಪಟ್ಟಿಯನ್ನ ಎಡಗಣ್ಣಿಂದ ಬಲಗಣ್ಣಿಗೆ ಸರಿಸಿ, "ಇದು ಕತ್ತಲಲ್ಲಿ ಕಾಣೋದಕ್ಕೆ. ಇದು ವಿಜ್ಞಾನ" ಅಂದ. ತೀರ್ಪುಗಾರರು ಚಪ್ಪಾಳೆ ಹೊಡೆದ್ರು. ಎರಡನೇ ಬಹುಮಾನ. ಮೊದಲನೇದು ಗ್ಯಾಸ್ ಸಿಲಿಂಡರ್ ವೇಷದ ಹುಡುಗಿಗೆ.

ಟೆಕ್ಕಿ ತಿಮ್ಮ (6:31)

ನಾನು ಹೇಳಿರಲಿಲ್ವಾ!!!

ಹಳೇ ಪುಟ (6:40)

ಗುಂಡನಿಗೆ ಅಭಿನಂದನೆ. ಬಹುಮಾನ ಬಂದ್ರೆ ಅದು ಸಾಕ್ಷ್ಯ ಆಗಲ್ಲ, ತಿಮ್ಮ ಅವರೇ.

ಧಾರವಾಡ ದರ್ಜಿ (6:44)

ಪ್ಯಾಂಟಿನ ಫೋಟೋ ಹಾಕ್ರಿ. ಮತ್ತ ಆ ದೊಡ್ಡ ಟೊಪಗಿ ಏನ್ ಮಾಡಿದ್ರಿ? ವಾಪಸ್ ಕೊಟ್ರೇನು?

ಗುಂಡನ ಅಮ್ಮ (6:58)

ಪ್ಯಾಕೆಟ್ ಒಡೆದಿದ್ದಕ್ಕೆ ವಾಪಸ್ ತಗೊಳ್ಳಲಿಲ್ಲ ಅಣ್ಣ. ಮಾವನವರು ಅದನ್ನ ಹಾಕ್ಕೊಂಡು ತಾರಸಿ ಮೇಲೆ ಸಂಡಿಗೆ ಕಾಯ್ತಾ ಕೂತಿದ್ರು ಮಧ್ಯಾಹ್ನವೆಲ್ಲ. ಕಾಗೆ ಹತ್ರ ಬರ್ತಿಲ್ವಂತೆ. ಗಾಳಿ ಬಂದಾಗ ಕೈಲಿ ಹಿಡ್ಕೋತಾರೆ.

ಬನಶಂಕರಿ ಬಾಲು (7:01)

ಅಕ್ಕಿ ಸಂಡಿಗೆಯಾ, ಬೂದುಗುಂಬಳದ್ದಾ?